ಲೆಕ್ಕಕ್ಕುಂಟು, ಆಟಕ್ಕಿಲ್ಲ

ಕೆಲಸದ ಜಾಗದಲ್ಲಿ ಹುರುಪು ಕುಂದಿದೆ ಎಂದು ಆಡಳಿತದವರಿಗೆ ಅನ್ನಿಸಿದಾಗ ಅವರ ಕಣ್ಣು ಮೊದಲು ಹೋಗುವುದು ಕೆಲಸ ಮಾಡುವವರ ಮೇಲೆ. ಜನರಲ್ಲಿ ಉತ್ಸಾಹ ಸಾಲದು, ತುಂಬಬೇಕು ಎಂದು ತೀರ್ಮಾನವಾಗುತ್ತದೆ. ಭಾಷಣಕಾರರೊಬ್ಬರನ್ನು ಕರೆಸುತ್ತಾರೆ, ಅವರು ಎರಡು ಗಂಟೆ ನಗಿಸಿ, ನಡುವೆ ಒಮ್ಮೆ ಕಣ್ಣು ತೇವವಾಗುವಂತೆ ಮಾಡಿ, ಚಪ್ಪಾಳೆ ತಟ್ಟಿಸಿ ಹೊರಡುತ್ತಾರೆ. ತಿಂಗಳ ಅತ್ಯುತ್ತಮ ನೌಕರನ ಭಾವಚಿತ್ರ ಗೋಡೆ ಏರುತ್ತದೆ. ಬೋನಸ್ಸಿನ ಲೆಕ್ಕಾಚಾರಕ್ಕೆ ಇನ್ನೊಂದು ಕಾಲಂ ಸೇರುತ್ತದೆ. ಸೋಮವಾರ ಜನ ಅದೇ ಕುರ್ಚಿಗೆ, ಅದೇ ಒಲ್ಲದ ಮನಸ್ಸಿನಿಂದ ಮರಳುತ್ತಾರೆ. ಏಕೆಂದರೆ ಅವರು ಮಾಡಬೇಕಾದ ಕೆಲಸ ಹೇಗಿತ್ತೋ ಹಾಗೆಯೇ ಇದೆ, ಅದರ ಗೊಡವೆಗೆ ಯಾರೂ ಹೋಗಿಲ್ಲ.

ಕಚೇರಿಗಳಲ್ಲಿ ಬಹುಕಾಲ ಕಳೆದ ಮೇಲೆ, ಮತ್ತು ಈ ವಿಷಯದ ಕುರಿತು ನೂರು ವರ್ಷಗಳಿಂದ ನಡೆದಿರುವ ಅಧ್ಯಯನಗಳನ್ನು ಆಸಕ್ತಿಯಿಂದ ಓದಿದ ಮೇಲೆ, ನನಗೆ ಗಟ್ಟಿಯಾಗಿರುವ ಅಭಿಪ್ರಾಯವೊಂದಿದೆ. ಹೆಚ್ಚಿನವರು ಕೆಲಸಕ್ಕೆ ಸೇರುವಾಗ ಹುರುಪನ್ನು ತಮ್ಮ ಜೊತೆಗೇ ತಂದಿರುತ್ತಾರೆ. ಅದು ಉಳಿಯುವುದೂ ಅಳಿಯುವುದೂ, ತಾವು ಮಾಡಿದ್ದು ಲೆಕ್ಕಕ್ಕೆ ಬರುತ್ತಿದೆಯೇ ಎಂಬ ಒಂದು ಸಂಗತಿಯ ಮೇಲೆ ನಿಂತಿದೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದು, ಆಗುಹೋಗುಗಳಲ್ಲಿ ತಾನಿದ್ದರೂ ಇಲ್ಲದಿದ್ದರೂ ಒಂದೇ ಎಂದಾದಾಗ ಎಂಥ ಉತ್ಸಾಹಿಯೂ ಕಾಟಾಚಾರಕ್ಕೆ ಇಳಿಯುತ್ತಾನೆ. ಹಣದ ಪ್ರಶ್ನೆಯೂ ಬಹುಮಟ್ಟಿಗೆ ಇದೇ ಪ್ರಶ್ನೆಯ ಇನ್ನೊಂದು ಮುಖ ಎಂಬುದು ನನ್ನ ನಂಬಿಕೆ.

ಹಣದಿಂದಲೇ ಆರಂಭಿಸುವುದು ಒಳ್ಳೆಯದು, ಏಕೆಂದರೆ ಪ್ರೇರಣೆಯ ಬಗ್ಗೆ ಬರೆಯುವವರಲ್ಲಿ ಅನೇಕರು ಹಣವನ್ನು ಬಲು ಬೇಗ ಬದಿಗೆ ಸರಿಸಿಬಿಡುತ್ತಾರೆ. ಅಮೆರಿಕದ ಹೆನ್ರಿ ಫೋರ್ಡ್ 1913ರಲ್ಲಿ ತನ್ನ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲನ್ನು ತಂದಾಗ ಕಾರುಗಳು ಬೇಗಬೇಗ ಹೊರಬಂದವು, ಕಾರ್ಮಿಕರು ಅದಕ್ಕಿಂತ ಬೇಗ ಹೊರಹೋದರು. ಸುಮಾರು 14,000 ಮಂದಿಯ ಬಲವನ್ನು ಕಾಯ್ದುಕೊಳ್ಳಲು ಆ ಒಂದು ವರ್ಷದಲ್ಲಿ 50,000ಕ್ಕೂ ಹೆಚ್ಚು ಜನರನ್ನು ನೇಮಿಸಿಕೊಳ್ಳಬೇಕಾಯಿತು. ಒಂದೇ ಬೋಲ್ಟನ್ನು ದಿನವಿಡೀ ಬಿಗಿಯುವ ಕೆಲಸವನ್ನು ಜನ ಸಹಿಸಲಿಲ್ಲ. 1914ರ ಜನವರಿಯಲ್ಲಿ ಫೋರ್ಡ್ ದಿನಗೂಲಿಯನ್ನು ಎರಡು ಡಾಲರ್ ಚಿಲ್ಲರೆಯಿಂದ ಐದು ಡಾಲರ್‌ಗೆ ಏರಿಸಿ, ದುಡಿಮೆಯ ಅವಧಿಯನ್ನು ಒಂಬತ್ತು ಗಂಟೆಯಿಂದ ಎಂಟಕ್ಕೆ ಇಳಿಸಿದರು. ಬಿಟ್ಟುಹೋಗುವವರ ಸಂಖ್ಯೆ ಮರುವರ್ಷಗಳಲ್ಲಿ ಥಟ್ಟನೆ ಕುಸಿಯಿತು. ಹಣ ಕೆಲಸ ಮಾಡಿತು, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ಮಾಡಿದ ಕೆಲಸ ಯಾವುದು ಎಂಬುದನ್ನು ನೋಡಬೇಕು: ಸಹಿಸಲಾಗದ ಕೆಲಸವನ್ನು ಸಹಿಸುವಂತೆ ಮಾಡಿತು. ಆ ಐದು ಡಾಲರ್‌ನಲ್ಲಿ ಅರ್ಧದಷ್ಟು ಲಾಭದ ಪಾಲು ಎಂಬ ಹೆಸರಿನಲ್ಲಿತ್ತು. ಅದನ್ನು ಪಡೆಯಲು ಕಾರ್ಮಿಕ ಮನೆಯಲ್ಲಿ ಹೇಗೆ ಬದುಕುತ್ತಾನೆ, ಕುಡಿಯುತ್ತಾನೆಯೇ, ಉಳಿತಾಯ ಮಾಡುತ್ತಾನೆಯೇ ಎಂದು ಕಂಪನಿಯ ತನಿಖಾಧಿಕಾರಿಗಳು ಮನೆಗೇ ಬಂದು ನೋಡಿ ಒಪ್ಪಬೇಕಿತ್ತು. ಇಂದಿನ ಕಚೇರಿಗಳು ನೌಕರರ ಕೀಲಿಮಣೆಯ ಬಡಿತಗಳನ್ನು ಎಣಿಸುವುದಕ್ಕೆ ಎಷ್ಟು ಹಳೆಯ ವಂಶಾವಳಿ ಇದೆ ನೋಡಿ.

ಹಣ ನೇರವಾಗಿಯೇ ದುಡಿಮೆಯನ್ನು ಹೆಚ್ಚಿಸುವ ಸಂದರ್ಭಗಳೂ ಉಂಟು. ಕಾರುಗಳ ಒಡೆದ ಗಾಜನ್ನು ಬದಲಿಸಿ ಕೊಡುವ ಸೇಫ್‌ಲೈಟ್ ಎಂಬ ಅಮೆರಿಕದ ಕಂಪನಿ 1990ರ ದಶಕದ ಮಧ್ಯದಲ್ಲಿ ಗಂಟೆಯ ಕೂಲಿಯನ್ನು ಬಿಟ್ಟು, ಹಾಕಿದ ಪ್ರತಿ ಗಾಜಿಗೆ ಇಷ್ಟು ಎಂಬ ಪದ್ಧತಿಗೆ ಬಂದಿತು. ಅರ್ಥಶಾಸ್ತ್ರಜ್ಞ ಎಡ್ವರ್ಡ್ ಲೇಜಿಯರ್ ಇದನ್ನು ಅಧ್ಯಯನ ಮಾಡಿ 2000ದಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಒಬ್ಬ ಕೆಲಸಗಾರನ ಸರಾಸರಿ ಉತ್ಪಾದನೆ ಶೇ. 44ರಷ್ಟು ಏರಿತು. ಅದರಲ್ಲಿ ಸುಮಾರು ಅರ್ಧ ಮಾತ್ರ ಅದೇ ಜನರು ಹೆಚ್ಚು ದುಡಿದದ್ದರಿಂದ ಬಂದದ್ದು. ಉಳಿದದ್ದಕ್ಕೆ ಬಹುಮಟ್ಟಿಗೆ ಕಾರಣ, ಚುರುಕಾದವರು ಕಂಪನಿಯಲ್ಲಿ ಉಳಿದದ್ದು ಮತ್ತು ಹೊಸ ಚುರುಕಿನವರು ಬಂದು ಸೇರಿದ್ದು. ಇಲ್ಲಿನ ಕೆಲಸದ ಸ್ವರೂಪವನ್ನು ಗಮನಿಸಬೇಕು. ಗಾಜನ್ನು ಹಾಕಿದ್ದು ಎಣಿಕೆಗೆ ಸಿಗುತ್ತದೆ, ಒಬ್ಬನ ಕೆಲಸ ಇನ್ನೊಬ್ಬನ ಕೆಲಸದೊಂದಿಗೆ ಬೆರೆಯುವುದಿಲ್ಲ, ಕೆಟ್ಟದಾಗಿ ಹಾಕಿದರೆ ಯಾರು ಹಾಕಿದ್ದೆಂದು ತಿಳಿಯುತ್ತದೆ, ಹಾಗೂ ಅವನೇ ಮತ್ತೆ ಕೂಲಿಯಿಲ್ಲದೆ ಹಾಕಿಕೊಡಬೇಕು. ಮೂರು ವಾರ ಕುಳಿತು ಒಂದು ತೊಂದರೆಯ ಮೂಲವನ್ನು ಹುಡುಕುವವರಿಗೆ, ರೋಗಿಯ ಪಕ್ಕದಲ್ಲಿ ರಾತ್ರಿ ನಿಲ್ಲುವ ದಾದಿಗೆ, ಹೊಸಬರಿಗೆ ಕೆಲಸ ಕಲಿಸುವ ಹಿರಿಯರಿಗೆ ಈ ಅಳತೆಗೋಲು ಹೊಂದುವುದಿಲ್ಲ. ಹೊಂದದ ಕಡೆ ಬಲವಂತವಾಗಿ ಹಿಡಿದಾಗ ಏನಾಗುತ್ತದೆ ಎಂಬುದಕ್ಕೆ ವೆಲ್ಸ್ ಫಾರ್ಗೊ ಬ್ಯಾಂಕಿನ ಪ್ರಕರಣವೇ ಸಾಕು: ಪ್ರತಿ ಗ್ರಾಹಕನಿಗೆ ಎಷ್ಟು ಖಾತೆ ಮಾರಿದಿರಿ ಎಂಬ ಗುರಿಯನ್ನು ನೌಕರರ ತಲೆಯ ಮೇಲೆ ಹೊರಿಸಿದ ಫಲವಾಗಿ ಗ್ರಾಹಕರಿಗೆ ತಿಳಿಯದಂತೆಯೇ ಲಕ್ಷಾಂತರ ಖಾತೆಗಳು ತೆರೆದುಕೊಂಡವು, 2016ರಲ್ಲಿ ಬ್ಯಾಂಕು 18.5 ಕೋಟಿ ಡಾಲರ್ ದಂಡ ತೆತ್ತಿತು, ಸಾವಿರಾರು ನೌಕರರು ಕೆಲಸ ಕಳೆದುಕೊಂಡರು. ಗುರಿ ಮುಟ್ಟಲು ಅವರಿಗೆ ಪ್ರೇರಣೆಯ ಕೊರತೆಯಿತ್ತು ಎಂದು ಯಾರೂ ಹೇಳಲಾರರು.

ಸಂಬಳದ ಮೊತ್ತಕ್ಕಿಂತಲೂ ಮನುಷ್ಯನನ್ನು ಕಾಡುವುದು ಅದರ ಹೋಲಿಕೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಲ್ಲ ನೌಕರರ ಸಂಬಳವನ್ನು ಪತ್ರಿಕೆಯೊಂದು ಜಾಲತಾಣದಲ್ಲಿ ಹಾಕಿದಾಗ, ನಾಲ್ವರು ಅರ್ಥಶಾಸ್ತ್ರಜ್ಞರು ನೌಕರರಲ್ಲಿ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ ಅವರಿಗೆ ಮಾತ್ರ ಆ ತಾಣದ ಸುದ್ದಿ ಮುಟ್ಟಿಸಿದರು. 2012ರಲ್ಲಿ ಪ್ರಕಟವಾದ ಫಲಿತಾಂಶ ಏಕಮುಖವಾಗಿತ್ತು. ತಮ್ಮ ವಿಭಾಗದ ಸಮಾನರಿಗಿಂತ ಕಡಿಮೆ ಪಡೆಯುತ್ತಿರುವುದು ತಿಳಿದವರು ಅತೃಪ್ತರಾದರು, ಬೇರೆ ಕೆಲಸ ಹುಡುಕುವ ಯೋಚನೆ ಮಾಡಿದರು; ಹೆಚ್ಚು ಪಡೆಯುತ್ತಿರುವುದು ತಿಳಿದವರಲ್ಲಿ ತೃಪ್ತಿಯೇನೂ ಹೆಚ್ಚಲಿಲ್ಲ. ನಿನ್ನೆಯವರೆಗೆ ಸಾಕಾಗುತ್ತಿದ್ದ ಸಂಬಳ ಇವತ್ತು ಸಾಲದೆ ಹೋದದ್ದು ಅದರ ಕೊಳ್ಳುವ ಶಕ್ತಿ ಇಳಿದುದರಿಂದಲ್ಲ. ನಿನ್ನ ಕೆಲಸವನ್ನು ನಾವು ಎಷ್ಟರಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆ ಎಂಬುದನ್ನು ಆ ಸಂಖ್ಯೆ ಮುಖಕ್ಕೆ ಹೊಡೆದಂತೆ ಹೇಳಿತು, ಅಷ್ಟೆ. ನಾನು ಕಂಡ ಸಂಬಳದ ಜಗಳಗಳಲ್ಲಿ ಬಹುಪಾಲು ಈ ಜಾತಿಯವು. ಹೊಸದಾಗಿ ಸೇರಿದವನ ಸಂಬಳ ಹತ್ತು ವರ್ಷದಿಂದ ಇದ್ದವರಿಗಿಂತ ಹೆಚ್ಚೆಂದು ಬಾಯಿಂದ ಬಾಯಿಗೆ ಹರಡಿದ ದಿನವೇ ಆ ಹಿರಿಯರ ಕೈ ನಿಧಾನವಾಗುತ್ತದೆ. ಅವರಿಗೆ ಉತ್ಸಾಹದ ಪಾಠ ಹೇಳಲು ಹೋಗುವುದು ಗಾಯದ ಮೇಲೆ ಬರೆ ಎಳೆದಂತೆ.

ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿಯೇ ಇದಕ್ಕೆ ಹತ್ತಿರದ ಮಾತೊಂದನ್ನು ಹೇಳಿದ್ದರು. ಪಿಟ್ಸ್‌ಬರ್ಗಿನ ಸುಮಾರು 200 ಎಂಜಿನಿಯರರನ್ನೂ ಲೆಕ್ಕಿಗರನ್ನೂ ಕೂರಿಸಿಕೊಂಡು, ಕೆಲಸದಲ್ಲಿ ನಿಮಗೆ ತುಂಬ ಖುಷಿಯಾದ ಮತ್ತು ತುಂಬ ಬೇಸರವಾದ ಸಂದರ್ಭಗಳನ್ನು ಹೇಳಿ ಎಂದು ಅವರು ಮತ್ತು ಸಂಗಡಿಗರು ಕೇಳಿದರು. ಬೇಸರದ ಕತೆಗಳಲ್ಲಿ ಬಂದದ್ದು ಕಂಪನಿಯ ನೀತಿ, ಮೇಲಧಿಕಾರಿಯ ವರ್ತನೆ, ಸಂಬಳ, ಕೆಲಸದ ಪರಿಸರ. ಖುಷಿಯ ಕತೆಗಳಲ್ಲಿ ಬಂದದ್ದು ಸಾಧಿಸಿದ್ದು, ಗುರುತಿಸಲ್ಪಟ್ಟದ್ದು, ಹೊಣೆ ಸಿಕ್ಕಿದ್ದು, ಕೆಲಸವೇ. ಆದ್ದರಿಂದ ಸಂಬಳ ಮತ್ತಿತರ ಅನುಕೂಲಗಳು ಅತೃಪ್ತಿಯನ್ನು ನಿವಾರಿಸಬಲ್ಲವು, ತೃಪ್ತಿಯನ್ನು ಹುಟ್ಟಿಸಲಾರವು ಎಂದು ಹರ್ಜ್‌ಬರ್ಗ್ ತೀರ್ಮಾನಿಸಿದರು. ಇದಕ್ಕೆ ಬಂದ ಆಕ್ಷೇಪವೂ ತೂಕದ್ದೇ: ಗೆದ್ದದ್ದನ್ನು ತನ್ನ ಸಾಮರ್ಥ್ಯಕ್ಕೂ ಸೋತದ್ದನ್ನು ಸುತ್ತಲಿನವರಿಗೂ ಹಚ್ಚುವುದು ಮನುಷ್ಯನ ಚಾಳಿ, ಹಾಗಾಗಿ ಈ ಕತೆಗಳ ವಿಂಗಡಣೆ ಇಷ್ಟು ಅಚ್ಚುಕಟ್ಟಾಗಿ ಬಂದಿರಬಹುದು. ಆಕ್ಷೇಪವನ್ನು ಒಪ್ಪಿದ ಮೇಲೂ ಒಂದು ಉಳಿಯುತ್ತದೆ. ಅನುಕೂಲಗಳ ಕೊರತೆಯಿಂದ ಕೆಲಸ ಬಿಡುವವರನ್ನು ನಾನು ಕಂಡಿದ್ದೇನೆ. ಹೊಸ ಕುರ್ಚಿ ಬಂದಿತೆಂದು ಕೆಲಸವನ್ನು ಪ್ರೀತಿಸತೊಡಗಿದವರನ್ನು ಕಂಡಿಲ್ಲ.

ಇನ್ನು ಬಹುಮಾನದಿಂದ ಆಸಕ್ತಿ ಕುಂದುತ್ತದೆ ಎಂಬ ಪ್ರಸಿದ್ಧ ವಾದ. ಎಡ್ವರ್ಡ್ ಡೆಸಿ ಅವರು 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಜೋಡಿಸುವ ಒಗಟುಗಳನ್ನು ಕೊಟ್ಟು, ಒಂದು ಗುಂಪಿಗೆ ನಡುವಿನ ಸುತ್ತಿನಲ್ಲಿ ಮಾತ್ರ ಬಿಡಿಸಿದ ಪ್ರತಿ ಒಗಟಿಗೆ ಒಂದು ಡಾಲರ್ ಕೊಡಲಾಯಿತು. ಹಣ ನಿಂತ ಮೇಲೆ ಆ ಗುಂಪು ಬಿಡುವಿನ ವೇಳೆಯಲ್ಲಿ ಒಗಟನ್ನು ಮುಟ್ಟುವುದು ಮೊದಲಿಗಿಂತ ಕಡಿಮೆಯಾಯಿತು. ಈ ವಾದವನ್ನು ಸಂಬಳವೇ ಬೇಡ ಎಂಬಲ್ಲಿಯವರೆಗೆ ಎಳೆಯುವವರು ಇದ್ದಾರೆ, ಅದು ಅತಿರೇಕ. ಮೊದಲಿನಿಂದಲೂ ಯಾರಿಗೂ ಇಷ್ಟವಿಲ್ಲದ ಕೆಲಸದಲ್ಲಿ ಕುಂದಲು ಆಸಕ್ತಿಯೇ ಇರುವುದಿಲ್ಲ. ಡೆಸಿ ಮತ್ತು ಸಹೋದ್ಯೋಗಿಗಳು 1999ರಲ್ಲಿ 128 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡದ್ದರಲ್ಲಿ ನನಗೆ ಮುಖ್ಯವಾದದ್ದು ಬೇರೆ: ಇದನ್ನು ಮಾಡಿದರೆ ಇದನ್ನು ಕೊಡುತ್ತೇವೆ ಎಂಬ ಷರತ್ತಿನ ಬಹುಮಾನ ಆಸಕ್ತಿಯನ್ನು ಕುಂದಿಸುತ್ತದೆ, ಚೆನ್ನಾಗಿ ಮಾಡಿದೆ ಎಂದು ಮನಸಾರೆ ಹೇಳಿದ ಮಾತು ಅದನ್ನು ಹೆಚ್ಚಿಸುತ್ತದೆ. ಮೊದಲನೆಯದು ಕೆಲಸಗಾರನ ಮೇಲೆ ಹಗ್ಗ ಬೀಸುತ್ತದೆ, ಎರಡನೆಯದು ಅವನ ಕೆಲಸವನ್ನು ನೋಡುತ್ತದೆ.

ಹೀಗೆ ನೋಡುವುದು ಎಷ್ಟು ದೊಡ್ಡ ಸಂಗತಿ ಎಂಬುದನ್ನು ತೋರಿಸುವ ಪ್ರಯೋಗವೊಂದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಡಾನ್ ಏರಿಯೆಲಿ, ಎಮಿರ್ ಕಮೆನಿಕಾ ಮತ್ತು ಡ್ರೇಜನ್ ಪ್ರೆಲೆಕ್ 2008ರಲ್ಲಿ ಪ್ರಕಟಿಸಿದ್ದು ಇದು. ವಿದ್ಯಾರ್ಥಿಗಳು ಲೆಗೊ ತುಣುಕುಗಳನ್ನು ಜೋಡಿಸಿ ಬಯೋನಿಕಲ್ ಎಂಬ ಗೊಂಬೆಗಳನ್ನು ಮಾಡಬೇಕು. ಮೊದಲ ಗೊಂಬೆಗೆ ಎರಡು ಡಾಲರ್, ನಂತರದ ಪ್ರತಿಯೊಂದಕ್ಕೂ 11 ಸೆಂಟ್ ಕಡಿಮೆ. ಸಾಕು ಅನ್ನಿಸಿದಾಗ ನಿಲ್ಲಿಸಬಹುದು. ಮೊದಲ ಗುಂಪಿನವರು ಮಾಡಿ ಮುಗಿಸಿದ ಗೊಂಬೆಗಳು ಅವರ ಮುಂದೆ ಮೇಜಿನ ಮೇಲೆ ಸಾಲಾಗಿ ನಿಂತವು. ಎರಡನೆಯ ಗುಂಪಿನಲ್ಲಿ ಗೊಂಬೆಯನ್ನು ಮುಗಿಸಿ ಕೊಟ್ಟು, ಮುಂದಿನದನ್ನು ಜೋಡಿಸುತ್ತಿರುವಾಗಲೇ, ಎದುರಿಗೆ ಕುಳಿತವರು ಹಿಂದಿನದನ್ನು ಬಿಡಿಬಿಡಿಯಾಗಿ ಕಳಚಿ ಪೆಟ್ಟಿಗೆಗೆ ಹಾಕುತ್ತಿದ್ದರು. ಬೈಗುಳವಿಲ್ಲ, ಕೂಲಿಯಲ್ಲಿ ಒಂದು ಸೆಂಟಿನ ವ್ಯತ್ಯಾಸವಿಲ್ಲ. ಮೊದಲ ಗುಂಪು ಸರಾಸರಿ 10.6 ಗೊಂಬೆ ಮಾಡಿತು, ಎರಡನೆಯದು 7.2. ಲೆಗೊ ಎಂದರೆ ಪ್ರಾಣ ಎನ್ನುವವರು ಮೊದಲ ಗುಂಪಿನಲ್ಲಿ ಇತರರಿಗಿಂತ ಹೆಚ್ಚು ಮಾಡಿದರು. ಎರಡನೆಯ ಗುಂಪಿನಲ್ಲಿ ಆ ಪ್ರೀತಿಗೂ ಮಾಡಿದ ಸಂಖ್ಯೆಗೂ ಸಂಬಂಧವೇ ಉಳಿಯಲಿಲ್ಲ. ಹುರುಪು ವ್ಯಕ್ತಿಯ ಸ್ವಭಾವದಲ್ಲಿದೆ ಎನ್ನುವವರು ಈ ಕೊನೆಯ ವಿವರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಸ್ವಭಾವದಲ್ಲಿದ್ದ ಪ್ರೀತಿಯನ್ನು ಕೆಲಸದ ಏರ್ಪಾಡು ನಿಮಿಷಗಳಲ್ಲಿ ಅಳಿಸಿಹಾಕಿತು.

ಅದೇ ತಂಡದ ಇನ್ನೊಂದು ಪ್ರಯೋಗ ಇದಕ್ಕಿಂತ ಕಹಿಯಾದದ್ದು. ಅಕ್ಷರಗಳು ತುಂಬಿದ ಹಾಳೆಯಲ್ಲಿ ನಿರ್ದಿಷ್ಟ ಜೋಡಿಗಳನ್ನು ಹುಡುಕಿ ಗುರುತು ಹಾಕುವುದು ಕೆಲಸ. ಒಂದು ಗುಂಪಿನವರ ಹಾಳೆಯನ್ನು ಮೇಲ್ವಿಚಾರಕ ಒಮ್ಮೆ ನೋಡಿ, ಹೂಂ ಎಂದು ಪಕ್ಕಕ್ಕೆ ಇಡುತ್ತಿದ್ದ. ಇನ್ನೊಂದು ಗುಂಪಿನದನ್ನು ನೋಡದೆಯೇ ರಾಶಿಗೆ ಸೇರಿಸುತ್ತಿದ್ದ. ಮೂರನೆಯ ಗುಂಪಿನದನ್ನು ನೋಡದೆಯೇ ಕಾಗದ ಚೂರು ಮಾಡುವ ಯಂತ್ರಕ್ಕೆ ತುರುಕುತ್ತಿದ್ದ. ನೋಡಿ ಹೂಂ ಎನ್ನಿಸಿಕೊಂಡವರು ಸರಾಸರಿ ಒಂಬತ್ತು ಹಾಳೆ ಮಾಡಿದರೆ, ಉಳಿದೆರಡೂ ಗುಂಪುಗಳು ಆರು ಚಿಲ್ಲರೆಗೇ ನಿಂತವು. ನೋಡದೆ ಇಟ್ಟದ್ದಕ್ಕೂ ಚೂರು ಮಾಡಿದ್ದಕ್ಕೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಕಚೇರಿಯಲ್ಲಿ ಯಾರೂ ನಿಮ್ಮ ವರದಿಯನ್ನು ಕಣ್ಣೆದುರು ಹರಿದು ಹಾಕುವುದಿಲ್ಲ. ತೆರೆದು ನೋಡದಿದ್ದರೆ ಸಾಕು.

ಇದನ್ನು ಓದುವಾಗ ನನಗೆ ಹಿಂದಿನ ಕಚೇರಿಯೊಂದರ ಸಹೋದ್ಯೋಗಿ ನೆನಪಾದರು. ದಾಸ್ತಾನಿನ ವಾರದ ಪಟ್ಟಿಯನ್ನು ಸಿದ್ಧಪಡಿಸುವುದು ಅವರ ಹೊಣೆ. ನಾಲ್ಕಾರು ಕಡೆಯಿಂದ ಬರುವ ಅಂಕಿಗಳನ್ನು ಒಂದೆಡೆ ಕೂಡಿಸಿ, ತಾಳೆಯಾಗದ ಮೊತ್ತಗಳಿಗಾಗಿ ಫೋನ್ ಮಾಡಿ ವಿಚಾರಿಸಿ, ಅನುಮಾನವಿದ್ದ ಸಾಲುಗಳಿಗೆ ಹಳದಿ ಬಣ್ಣ ಬಳಿದು, ಪಕ್ಕದಲ್ಲಿ ಕಾರಣವನ್ನು ಬರೆದು, ಶುಕ್ರವಾರ ಸಂಜೆ ಎಲ್ಲರಿಗೂ ಕೊಂಡಿ ಕಳಿಸುತ್ತಿದ್ದರು. ಕಂಪನಿಯ ಕಡತಗಳು ಹೊಸ ವ್ಯವಸ್ಥೆಗೆ ಸ್ಥಳಾಂತರಗೊಂಡ ಮೇಲೆ ಆ ಕೊಂಡಿ ಒಂದು ಖಾಲಿ ಫೋಲ್ಡರಿಗೆ ಹೋಗುತ್ತಿತ್ತು ಎಂಬುದು ಅವರಿಗೆ ಗೊತ್ತಾದದ್ದು ಎಷ್ಟೋ ವಾರಗಳ ನಂತರ, ಅದೂ ಅವರೇ ಬೇರೇನನ್ನೋ ಹುಡುಕುವಾಗ. ಪಟ್ಟಿ ಹೋಗುತ್ತಿದ್ದ ಅಷ್ಟೂ ಮಂದಿಯಲ್ಲಿ ಒಬ್ಬರೂ ಕೇಳಿರಲಿಲ್ಲ. ಅವರು ಕೊಂಡಿಯನ್ನು ಸರಿಪಡಿಸಿದರು, ಯಾರ ಮೇಲೂ ರೇಗಲಿಲ್ಲ. ಆದರೆ ಅಂದಿನಿಂದ ಪಟ್ಟಿಯಲ್ಲಿ ಹಳದಿ ಸಾಲುಗಳು ಕಾಣಿಸಲಿಲ್ಲ. ಬಂದ ಅಂಕಿಗಳನ್ನು ಬಂದಂತೆ ಕೂಡಿಸಿ ಕಳಿಸಿಬಿಡುತ್ತಿದ್ದರು. ಅದೇ ಮನುಷ್ಯರು, ಅದೇ ಸಂಬಳ, ಅದೇ ಶುಕ್ರವಾರ. ಕೆಲಕಾಲದ ನಂತರ ಉಗ್ರಾಣಕ್ಕೆ ಹೊಸ ಉಸ್ತುವಾರಿ ಬಂದರು. ಒಂದು ಸೋಮವಾರ ಪಟ್ಟಿ ತಡವಾದಾಗ ಅವರು ಫೋನ್ ಮಾಡಿ, “ಮೇಡಂ, ಲಿಸ್ಟ್ ಇನ್ನೂ ಬಂದಿಲ್ವಲ್ಲ, ಅದನ್ನ ನೋಡ್ಕೊಂಡೇ ನಾನು ಲಾರಿಗೆ ಹೇಳ್ಬೇಕು” ಎಂದರು. ಮುಂದಿನ ವಾರದ ಪಟ್ಟಿಯಲ್ಲಿ ಹಳದಿ ಬಣ್ಣ ಮರಳಿತ್ತು. ಯಾವ ಭಾಷಣಕಾರರೂ ಮಾಡಲಾಗದ್ದನ್ನು, ಪಟ್ಟಿಗಾಗಿ ಕಾದು ಕುಳಿತ ಒಬ್ಬ ಮನುಷ್ಯ ಗೊತ್ತಿಲ್ಲದೆಯೇ ಮಾಡಿದ್ದರು.

ಆಡಮ್ ಗ್ರಾಂಟ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಸಂಗತಿಯನ್ನು ಅಳೆದು ತೋರಿಸಿತು. ವಿಶ್ವವಿದ್ಯಾಲಯವೊಂದಕ್ಕೆ ಫೋನ್ ಮೂಲಕ ದೇಣಿಗೆ ಕೇಳುವ ಕೆಲಸದವರಲ್ಲಿ ಒಂದು ಗುಂಪಿನವರು, ಆ ದೇಣಿಗೆಯಿಂದ ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯನ್ನು ಕೆಲವೇ ನಿಮಿಷ ಭೇಟಿಯಾದರು. ಒಂದು ತಿಂಗಳ ನಂತರ ಅವರು ಫೋನಿನಲ್ಲಿ ಕಳೆಯುತ್ತಿದ್ದ ಸಮಯವೂ ತರುತ್ತಿದ್ದ ದೇಣಿಗೆಯೂ ಮೊದಲಿನ ಎರಡು ಪಟ್ಟನ್ನು ಮೀರಿದ್ದವು. ವಿದ್ಯಾರ್ಥಿಯ ಪತ್ರವನ್ನು ಮಾತ್ರ ಓದಿದ ಗುಂಪಿನಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಗುಂಪುಗಳು ಚಿಕ್ಕವು, ಆದ್ದರಿಂದ ಆ ಪ್ರಮಾಣವನ್ನು ಎಲ್ಲೆಡೆಗೂ ಅನ್ವಯಿಸುವುದು ತಪ್ಪು. ಆದರೂ ಪತ್ರಕ್ಕೂ ಮನುಷ್ಯನಿಗೂ ಇರುವ ವ್ಯತ್ಯಾಸ, ನಮ್ಮ ಕೆಲಸ ಜಗತ್ತನ್ನು ಬದಲಿಸುತ್ತಿದೆ ಎಂದು ಕಂಪನಿಯ ಗೋಡೆಯ ಮೇಲೆ ಬರೆಸುವವರಿಗೆ ತಿಳಿದಿರಬೇಕು.

ಫಲಾನುಭವಿ ಕಣ್ಣಿಗೆ ಬೀಳದ ಕೆಲಸಗಳಲ್ಲಿ ಆ ಜಾಗವನ್ನು ತುಂಬುವುದು ಮುನ್ನಡೆ. ತೆರೇಸಾ ಅಮಾಬಿಲೆ ಮತ್ತು ಸ್ಟೀವನ್ ಕ್ರೇಮರ್ ಏಳು ಕಂಪನಿಗಳ 238 ನೌಕರರಿಂದ ದಿನದ ಕೊನೆಗೆ ಬರೆಯಿಸಿದ ಸುಮಾರು 12,000 ದಿನಚರಿ ಪುಟಗಳನ್ನು ಓದಿ 2011ರಲ್ಲಿ ಹೇಳಿದ್ದು ಇಷ್ಟು: ಜನರ ಒಳ್ಳೆಯ ದಿನಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸಿಕೊಂಡದ್ದು ಅರ್ಥವಿರುವ ಕೆಲಸದಲ್ಲಿ ಒಂದು ಹೆಜ್ಜೆ ಮುಂದೆ ಹೋದದ್ದು, ಎಷ್ಟೇ ಸಣ್ಣ ಹೆಜ್ಜೆಯಾದರೂ. ಹಿನ್ನಡೆಯ ಪೆಟ್ಟು ಮುನ್ನಡೆಯ ಖುಷಿಗಿಂತ ಬಲವಾಗಿತ್ತು. ಇದೇ ಸಂಶೋಧಕರು ವ್ಯವಸ್ಥಾಪಕರನ್ನು ಕೇಳಿದಾಗ, ಜನರನ್ನು ಹುರಿದುಂಬಿಸುವ ಅಂಶಗಳ ಪಟ್ಟಿಯಲ್ಲಿ ಅವರು ಮುನ್ನಡೆಗೆ ನೆರವಾಗುವುದನ್ನು ಕಟ್ಟಕಡೆಯಲ್ಲಿ ಇಟ್ಟರು. ದಿನವಿಡೀ ಅನುಮೋದನೆಗಾಗಿ ಕಾಯುವುದು, ಅರ್ಧ ಮುಗಿದಾಗ ಆದ್ಯತೆ ಬದಲಾಗುವುದು, ಪಾಸ್‌ವರ್ಡ್ ಸಿಗದೆ ಬೆಳಗು ಕಳೆಯುವುದು, ಸಭೆಗಾಗಿ ಇನ್ನೊಂದು ಸಭೆ ನಡೆಸುವುದು, ಇವೆಲ್ಲ ಆಡಳಿತದ ಕಣ್ಣಿಗೆ ಕಿರಿಕಿರಿಗಳು ಮಾತ್ರ. ಅನುಭವಿಸುವವರಿಗೆ ಹುರುಪು ಅಲ್ಲಿಯೇ ಸೋರಿಹೋಗುತ್ತದೆ.

ಇಷ್ಟಾದ ಮೇಲೆ ಸಾಮಾನ್ಯವಾಗಿ ಬರುವ ಮಾತು ಸ್ವಾತಂತ್ರ್ಯದ್ದು: ಜನರಿಗೆ ಇಷ್ಟಬಂದಂತೆ ಮಾಡಲು ಬಿಡಿ, ಉಳಿದದ್ದು ತಾನಾಗಿ ಬರುತ್ತದೆ ಎಂಬುದು. ಮಾತಿನಲ್ಲಿ ಸತ್ಯವಿದೆ. ಆದರೆ ನನ್ನ ತಿಳಿವಳಿಕೆಯನ್ನು ತಿದ್ದಿದ ಉದಾಹರಣೆ ಇದಕ್ಕೆ ಅಡ್ಡವಾಗಿ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಕಾರ್ಖಾನೆಯೊಂದಿತ್ತು. ಗುಣಮಟ್ಟದಲ್ಲೂ ಶಿಸ್ತಿನಲ್ಲೂ ಕಂಪನಿಯ ಅತಿ ಕೆಟ್ಟ ಕಾರ್ಖಾನೆಗಳಲ್ಲಿ ಅದೊಂದು. ಸಾಮಾನ್ಯ ದಿನದಲ್ಲಿ ಐವರಲ್ಲಿ ಒಬ್ಬರು ಗೈರು. ಕುಡಿತ, ಹೊಡೆದಾಟ, ದೂರು, ಪ್ರತಿದೂರು. 1982ರಲ್ಲಿ ಅದು ಮುಚ್ಚಿತು. 1984ರಲ್ಲಿ ಟೊಯೊಟಾ ಮತ್ತು ಜನರಲ್ ಮೋಟಾರ್ಸ್ ಜೊತೆಗೂಡಿ ಅದೇ ಜಾಗದಲ್ಲಿ ನುಮ್ಮಿ ಎಂಬ ಹೆಸರಿನಲ್ಲಿ ಉತ್ಪಾದನೆ ಆರಂಭಿಸಿದವು. ಹೊಸ ಕಂಪನಿ ನೇಮಿಸಿಕೊಂಡವರಲ್ಲಿ ಬಹುಪಾಲು ಹಳೆಯ ಕಾರ್ಮಿಕರೇ, ಕಾರ್ಮಿಕ ಸಂಘವೂ ಅದೇ. ಎರಡು ವರ್ಷದೊಳಗೆ ಆ ಕಾರ್ಖಾನೆಯ ಕಾರುಗಳು ಗುಣಮಟ್ಟದಲ್ಲಿ ಜಪಾನಿನ ಟೊಯೊಟಾ ಕಾರುಗಳ ಹತ್ತಿರಕ್ಕೆ ಬಂದವು, ಗೈರುಹಾಜರಿ ಶೇ. 5ಕ್ಕಿಂತ ಕೆಳಗಿಳಿಯಿತು.

ಬದಲಾದದ್ದು ಏನು ಎಂದು ನೋಡಿದರೆ, ಕೆಲಸವೇನೂ ಹಗುರವಾಗಲಿಲ್ಲ, ಸ್ವಚ್ಛಂದವೂ ಆಗಲಿಲ್ಲ. ಪಾಲ್ ಆಡ್ಲರ್ ಅವರು ಈ ಕಾರ್ಖಾನೆಯ ಬಗ್ಗೆ 1993ರಲ್ಲಿ ಬರೆದಂತೆ, ಹಳೆಯ ವ್ಯವಸ್ಥೆಯಲ್ಲಿ ಕಾರ್ಮಿಕ ಪ್ರತಿ ನಿಮಿಷದಲ್ಲಿ ಸುಮಾರು 45 ಸೆಕೆಂಡು ಕೈಯಾಡಿಸುತ್ತಿದ್ದರೆ ಹೊಸದರಲ್ಲಿ 57 ಸೆಕೆಂಡು. ಯಾವ ಕೈಯಲ್ಲಿ ಉಪಕರಣ ಹಿಡಿಯಬೇಕು, ಯಾವ ಕ್ರಮದಲ್ಲಿ ತಿರುಪು ಬಿಗಿಯಬೇಕು ಎಂಬುದೂ ಬರಹದಲ್ಲಿತ್ತು. ಆದರೆ ಆ ಬರಹವನ್ನು ಬರೆದವರು ಕಾರ್ಮಿಕರೇ. ಹಿಂದೆ ಎಂಜಿನಿಯರನೊಬ್ಬ ಗಡಿಯಾರ ಹಿಡಿದು ಬಂದು ಅವರನ್ನು ಅಳೆದು ಹೋಗುತ್ತಿದ್ದ. ಅವನೆದುರು ಬೇಕೆಂದೇ ನಿಧಾನವಾಗಿ ಮಾಡಿ ತೋರಿಸುವುದು ಎಲ್ಲರಿಗೂ ಗೊತ್ತಿದ್ದ ಕಲೆಯಾಗಿತ್ತು. ಈಗ ಗಡಿಯಾರ ಅವರ ಕೈಗೇ ಬಂದಿತು. ತಂಡದವರು ಒಬ್ಬರನ್ನೊಬ್ಬರು ಅಳೆದು, ಯಾವುದು ಸುಲಭ, ಯಾವುದು ಸುರಕ್ಷಿತ ಎಂದು ಚರ್ಚಿಸಿ, ಕ್ರಮವನ್ನು ಬರೆದು, ಬೇಕಾದಾಗ ತಿದ್ದುತ್ತಿದ್ದರು. ಸಾಲಿನ ಉದ್ದಕ್ಕೂ ತಲೆಯ ಮೇಲೆ ಹಗ್ಗವೊಂದು ತೂಗುತ್ತಿತ್ತು. ಎಲ್ಲಿಯಾದರೂ ತಪ್ಪು ಕಂಡರೆ ಯಾವ ಕಾರ್ಮಿಕ ಬೇಕಾದರೂ ಅದನ್ನು ಎಳೆಯಬಹುದಿತ್ತು. ತಂಡದ ನಾಯಕ ಓಡಿ ಬರುತ್ತಿದ್ದ, ತಕ್ಷಣ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತಿತ್ತು. ಸಾಲನ್ನು ನಿಲ್ಲಿಸುವುದೆಂದರೆ ಕೆಲಸ ಕಳೆದುಕೊಳ್ಳುವುದೆಂದು ಕಲಿತಿದ್ದ ಜನಕ್ಕೆ ಇದು ಸಣ್ಣ ಮಾತಲ್ಲ. ಜೊತೆಗೆ, ವಿಪರೀತ ಸಂಕಟ ಬಂದ ಹೊರತು ಯಾರನ್ನೂ ತೆಗೆಯುವುದಿಲ್ಲ ಎಂದು ಒಪ್ಪಂದದಲ್ಲಿ ಬರೆದುಕೊಟ್ಟಿದ್ದ ಕಂಪನಿ, ಮುಂದೆ ಮಾರಾಟ ಕುಸಿದಾಗ ಜನರನ್ನು ತರಬೇತಿಗೂ ಸುಧಾರಣೆಯ ಕೆಲಸಗಳಿಗೂ ಹಚ್ಚಿ ಮಾತು ಉಳಿಸಿಕೊಂಡಿತು. ಈ ಕೊನೆಯ ಅಂಶವನ್ನು ಬಿಟ್ಟು ಹಗ್ಗವನ್ನು ಮಾತ್ರ ನಕಲು ಮಾಡಿದ ಕಾರ್ಖಾನೆಗಳಲ್ಲಿ ಹಗ್ಗವನ್ನು ಎಳೆಯುವ ಧೈರ್ಯ ಯಾರಿಗೆ ಬಂದೀತು?

ಬೋಲ್ಟು ಬಿಗಿಯುವ ಕೆಲಸ ಬೋಲ್ಟು ಬಿಗಿಯುವ ಕೆಲಸವಾಗಿಯೇ ಉಳಿಯಿತು, ಅದನ್ನು ಬಿಗಿಯುವವನ ಮಾತಿಗೆ ಬೆಲೆ ಬಂದಿತು. ಹಾಗಾಗಿ ಸ್ವಾತಂತ್ರ್ಯ ಎಂಬ ದೊಡ್ಡ ಪದಕ್ಕಿಂತ, ನನ್ನ ಮಾತು ನಡೆಯುತ್ತದೆಯೇ ಎಂಬ ಚಿಕ್ಕ ಪ್ರಶ್ನೆಯನ್ನು ನಾನು ಹೆಚ್ಚು ನಂಬುತ್ತೇನೆ. ಸಲಹಾ ಪೆಟ್ಟಿಗೆ ಇಟ್ಟು ವರ್ಷಕ್ಕೊಮ್ಮೆಯೂ ಅದರ ಬೀಗ ತೆಗೆಯದ ಸಂಸ್ಥೆಗಳಲ್ಲಿ ಜನ ಸಲಹೆ ಕೊಡುವುದನ್ನು ಬಿಟ್ಟು ಸುಮ್ಮನಿರುವುದನ್ನು ಕಲಿಯುತ್ತಾರೆ. ಆಮೇಲೆ ಅವರಲ್ಲಿ ಸ್ವಪ್ರೇರಣೆ ಇಲ್ಲವೆಂಬ ದೂರು ಏಳುತ್ತದೆ.

ನನ್ನ ವಾದಕ್ಕೆ ಒಗ್ಗದ ಸಂಗತಿಯೊಂದನ್ನೂ ಹೇಳಬೇಕು. ಏಮಿ ರೆಜ್‌ನೆಸ್ಕಿ ಮತ್ತು ಸಹೋದ್ಯೋಗಿಗಳು 1997ರ ಅಧ್ಯಯನದಲ್ಲಿ, ಜನ ತಮ್ಮ ದುಡಿಮೆಯನ್ನು ಹೊಟ್ಟೆಪಾಡೆಂದೋ, ಏರುವ ಮೆಟ್ಟಿಲೆಂದೋ, ಬಾಳಿನ ಕರೆಯೆಂದೋ ಕಾಣುತ್ತಾರೆ ಎಂದು ವಿಂಗಡಿಸಿದರು. ಒಂದೇ ಬಗೆಯ ಕೆಲಸ ಮಾಡುತ್ತಿದ್ದ 24 ಆಡಳಿತ ಸಹಾಯಕರನ್ನು ಪ್ರತ್ಯೇಕವಾಗಿ ನೋಡಿದಾಗಲೂ ಅವರು ಈ ಮೂರು ಬಗೆಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಹಂಚಿಹೋದರು. ಅಂದರೆ ಕೆಲಸದ ಏರ್ಪಾಡೇ ಎಲ್ಲವೂ ಅಲ್ಲ. ಅದನ್ನು ಎದುರುಗೊಳ್ಳುವ ಮನಸ್ಸು ಬೇರೆಬೇರೆ. ಒಪ್ಪಿದೆ. ಆದರೆ ಇದರಿಂದ ಎಲ್ಲರೂ ತಮ್ಮ ಕೆಲಸವನ್ನು ಕರೆಯೆಂದೇ ಕಾಣಬೇಕು ಎಂಬ ಉಪದೇಶಕ್ಕೆ ಜಿಗಿಯುವವರನ್ನು ಕಂಡರೆ ನನಗೆ ಭಯ. ಸ್ಟುವರ್ಟ್ ಬಂಡರ್‌ಸನ್ ಮತ್ತು ಜೆಫ್ರಿ ಥಾಂಪ್ಸನ್ 2009ರಲ್ಲಿ ಪ್ರಾಣಿ ಸಂಗ್ರಹಾಲಯಗಳ ಪಾಲಕರ ಬಗ್ಗೆ ಪ್ರಕಟಿಸಿದ ಅಧ್ಯಯನ ಆ ಭಯಕ್ಕೆ ಆಧಾರ ಕೊಟ್ಟಿದೆ. ಬಹುತೇಕರು ಪದವೀಧರರು, ಸಂಬಳ ತೀರಾ ಕಡಿಮೆ, ಕೆಲಸದ ದೊಡ್ಡ ಪಾಲು ಗುಡಿಸುವುದು, ತೊಳೆಯುವುದು, ಮೇವು ಹಾಕುವುದು. ಆದರೂ ತಾವು ಹುಟ್ಟಿದ್ದೇ ಇದಕ್ಕಾಗಿ ಎಂದು ನಂಬಿದವರು ಅವರಲ್ಲಿ ಅನೇಕರು. ಆ ನಂಬಿಕೆ ಗಟ್ಟಿಯಾದಷ್ಟೂ ಅವರು ಸಂಬಳವನ್ನೂ ವೈಯಕ್ತಿಕ ಸಮಯವನ್ನೂ ಬಿಟ್ಟುಕೊಡಲು ಸಿದ್ಧರಿದ್ದರು, ಮತ್ತು ಆಡಳಿತ ತಮ್ಮ ಈ ಪ್ರೀತಿಯನ್ನು ದುರುಪಯೋಗ ಮಾಡಿಕೊಂಡೀತೆಂಬ ಎಚ್ಚರವೂ ಅವರಲ್ಲಿತ್ತು. ಕೆಲಸವನ್ನು ಪ್ರೀತಿಸುವವರ ಮೇಲೆ ಹೆಚ್ಚುವರಿ ಹೊರೆ ಹೊರಿಸುವುದು ಅಷ್ಟೇನೂ ಅನ್ಯಾಯವಲ್ಲ ಎಂದು ನೋಡುವವರಿಗೂ ಅನ್ನಿಸುತ್ತದೆ ಎಂಬುದನ್ನು ಜೇ ಕಿಮ್ ಮತ್ತು ಸಂಗಡಿಗರ ಮುಂದಿನ ಅಧ್ಯಯನಗಳು ತೋರಿಸಿದವು. ಹೇಗಿದ್ದರೂ ಅವರಿಗೆ ಇಷ್ಟ ತಾನೇ ಎಂಬ ಮಾತಿನ ಹಿಂದೆ ಇರುವುದು ಈ ಲೆಕ್ಕಾಚಾರ.

ಹಾಗಾಗಿ, ಸಂಜೆ ಆರಕ್ಕೆ ಮೇಜು ಒರೆಸಿಟ್ಟು ಮನೆಗೆ ಹೊರಡುವ, ಕಂಪನಿಯ ಧ್ಯೇಯವಾಕ್ಯದ ಬಗ್ಗೆ ತಲೆ ಕೆಡಿಸಿಕೊಳ್ಳದ, ವಹಿಸಿದ್ದನ್ನು ತಪ್ಪಿಲ್ಲದೆ ಮುಗಿಸುವ ನೌಕರನನ್ನು ಕಂಡು ಇವನಲ್ಲಿ ಪ್ರೇರಣೆಯಿಲ್ಲ ಎಂದು ಅಪ್ರೈಸಲ್ ನಮೂನೆಯಲ್ಲಿ ಬರೆಯುವವರೊಂದಿಗೆ ನನ್ನ ತಕರಾರಿದೆ. ಅವನ ಒಳಗನ್ನು ಅಳೆಯುವ ಹಕ್ಕು ಸಂಬಳ ಕೊಡುವವರಿಗೆ ಇಲ್ಲ. ಅವನ ಕೆಲಸ ಯಾರಿಗೆ ತಲುಪುತ್ತಿದೆ ಎಂಬುದು ಅವನಿಗೆ ಗೊತ್ತೇ, ಕಳೆದ ಸಲ ಅವನು ತೋರಿಸಿದ ತಪ್ಪನ್ನು ಯಾರಾದರೂ ತಿದ್ದಿದರೇ, ಪಕ್ಕದ ಕುರ್ಚಿಯವನಿಗಿಂತ ಅವನಿಗೆ ಕಡಿಮೆ ಸಿಗುತ್ತಿರುವುದಕ್ಕೆ ಹೇಳಿಕೊಳ್ಳಬಹುದಾದ ಕಾರಣವಿದೆಯೇ ಎಂಬುದನ್ನು ವಿಚಾರಿಸುವ ಹೊಣೆ ಮಾತ್ರ ಅವರದ್ದೇ, ಮತ್ತು ಆ ನಮೂನೆಯಲ್ಲಿ ಇದಕ್ಕೆ ಕಾಲಂ ಇರುವುದನ್ನು ನಾನು ಇದುವರೆಗೆ ಎಲ್ಲಿಯೂ ಕಂಡಿಲ್ಲ.